ಬಲಗಾಲಿನ ಗೇರು

ನಾನು ಪರದೇಶ ನೋಡಿದವಳಲ್ಲ. ಗೋಕಾಕಕ್ಕೆ ಹೋಗಿ ಬಂದದ್ದನ್ನೇ ಪರದೇಶ ಪ್ರವಾಸದಂತೆ ಬರೆಯಲು ಕೂತಿದ್ದೇನೆಂದು ತಿಳಿದರೆ ನನ್ನ ತಂಗಿ ನಗುತ್ತಾಳೆ. ನಗಲಿ. ಅವಳು ಆ ಕಡೆ ಹೋದವಳಲ್ಲ. ಮಾತು ಕನ್ನಡವೇ, ಬೋರ್ಡಿನ ಅಕ್ಷರವೂ ನಮ್ಮದೇ. ಆದರೂ ಮೂರು ದಿನದಲ್ಲಿ ನಾನು ಕೇಳಿದ್ದಕ್ಕೆ ಒಂದು ಉತ್ತರವೂ ನೆಟ್ಟಗೆ ಸಿಗಲಿಲ್ಲ. ಬೇಡ ಅಂದದ್ದು ಮಾತ್ರ ತಟ್ಟೆ ತುಂಬ ಬಂತು.

ತಿಪಟೂರಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ನಮ್ಮ ಯಜಮಾನರು ರಾಜಣ್ಣ ಬೋರ್ಡು ಬರೆಯುತ್ತಿದ್ದರು. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಸ್ನಾನದ ನೀರು ಕಾಯಲೆಂದು ಜಗಲಿಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ಅವರ ಹತ್ತಿರ ಒಂದು ಹಳೆಯ ಮೋಟಾರ್ ಸೈಕಲ್ ಇತ್ತು. ಈಗಿನ ಗಾಡಿಗಳಲ್ಲಿ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ. ಆ ಹಳೆಯದರಲ್ಲಿ ತಿರುಗುಮುರುಗು, ಗೇರು ಬಲಗಾಲಿಗೆ. ನನಗೆ ಗಾಡಿ ಕಲಿಸಿದವರು ಅವರು, ಕಲಿತದ್ದು ಅದರಲ್ಲಿ. ಹನ್ನೆರಡು ವರ್ಷ ಭಾನುವಾರ ಭಾನುವಾರ ನಾನು ಓಡಿಸಿದ್ದೇನೆ, ಅವರು ಹಿಂದೆ ಕೂತಿದ್ದಾರೆ. ಬೀದಿಯವರು ನಕ್ಕು ಸಾಕಾಗಿ ಸುಮ್ಮನಾಗಿದ್ದರು.

ತಿಥಿಯ ಮಾರನೆಯ ದಿನ ಮೈದುನ ಬಂದು, "ಅತ್ತಿಗೆ, ಹೆಂಗಸ್ರಿಗೆ ಇದ್ಯಾಕೆ" ಎಂದು ಗಾಡಿಯನ್ನು ತಳ್ಳಿಕೊಂಡು ಹೋದ. ಅವತ್ತು ನನಗೆ ಬಾಯಿ ಬರಲಿಲ್ಲ. ಆ ಸಿಟ್ಟು ಈಗಲೂ ಇದೆ.

ಆಮೇಲೆ ಹುಕ್ಕೇರಿ ಕಡೆಯ ಬಸಗೌಡ ಎಂಬುವರು ಫೋನ್ ಮಾಡಿದರು. ಅವರ ಹತ್ತಿರ ಅಂಥದೇ ಬಲಗೇರಿನ ಗಾಡಿ ಇತ್ತು. ಅದನ್ನು ತಾನು ತೆಗೆದುಕೊಳ್ಳುತ್ತೇನೆಂದು ನಮ್ಮವರು ಮಾತು ಕೊಟ್ಟಿದ್ದರು. ಒಂದಿರುವಾಗ ಇನ್ನೊಂದು ಯಾಕೆಂದು ಈ ವಿಷಯಕ್ಕೇ ನಾನು ಜಗಳ ಆಡಿದ್ದೆ. ಅವರು ಹೋದ ಸುದ್ದಿ ಹೇಳಿದೆ. ಬಸಗೌಡರು ಲೊಚಗುಟ್ಟಿದರು.

"ಹಂಗಾರ ನೀವ ಬರ್ರಿ ಅಕ್ಕಾರ. ಹೊಡದ ನೋಡ್ರಿ. ಬ್ಯಾಡಾದ್ರ ಮೂಡಲಗಿಯಾಂವ ಒಬ್ಬ ಕಾಯಾಕತ್ತಾನ, ಅಂವಗ ಕೊಡತೇನಿ. ಈ ಸಲದ ರ್ಯಾಲಿ ಮುಗಿಯೂತನಾ ತಡೀತೇನ್ರಿ, ಮುಂದ ಆಗೂದಿಲ್ಲ."

ಆ ಕಡೆ ಹಳೆಯ ಗಾಡಿಗಳ ಹುಚ್ಚಿರುವವರು ವರ್ಷಕ್ಕೊಮ್ಮೆ ಸೇರುತ್ತಾರೆ. ನಮ್ಮವರು ತಪ್ಪದೆ ಹೋಗುತ್ತಿದ್ದರು. ನಾನು ಒಂದು ಸಲವೂ ಹೋಗಿರಲಿಲ್ಲ. ನನಗೆ ರ್ಯಾಲಿ ಬೇಕಿರಲಿಲ್ಲ. ಆ ಗಾಡಿಯನ್ನು ಒಂದು ಸಲ ಒಬ್ಬಳೇ ಓಡಿಸಿ ನೋಡಬೇಕಿತ್ತು. ಕೈಗೆ ಹತ್ತಿದರೆ ಇಟ್ಟುಕೊಳ್ಳುವುದು, ಇಲ್ಲವಾದರೆ ಬಿಟ್ಟು ಬರುವುದು. ಅಷ್ಟೇ ಕೆಲಸ. ಒಂದು ಗಂಟೆಯದ್ದು.

ಗೋಕಾಕ

ಬೆಳಿಗ್ಗೆ ಘಟಪ್ರಭಾ ಸ್ಟೇಷನ್ನಿನಲ್ಲಿ ಇಳಿದೆ. ಗಾಡಿ ಗೋಕಾಕದ ಒಂದು ಗ್ಯಾರೇಜಿನಲ್ಲಿ ಇರುತ್ತದೆ ಎಂದು ಬಸಗೌಡರು ಹೇಳಿದ್ದರು. ಗ್ಯಾರೇಜು ಹುಡುಕಿದೆ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಎದ್ದು ಬಂದ.

"ಬಸಗೌಡರ ಗಾಡಿ ಏನ್ರಿ? ಇಲ್ಲೇ ಇತ್ರಿ. ನಿನ್ನಿ ಒಯ್ದ್ರು."

"ಎಲ್ಲಿಗೆ?"

"ಇಲ್ಲೇರಿ."

"ಇಲ್ಲೇ ಅಂದರೆ ಎಲ್ಲಿ ಸ್ವಾಮಿ?"

"ಇಲ್ಲೇ, ಹುಕ್ಕೇರಿಗಿ."

ಹುಕ್ಕೇರಿ ಎಷ್ಟು ದೂರವೆಂದು ಅಂಗಡಿಯವನೊಬ್ಬನನ್ನು ಕೇಳಿದೆ. ಅವನೂ "ಇಲ್ಲೇ ಐತ್ರಿ" ಅಂದ. ಒಂದು ತಾಸಿನ ಬಸ್ ದಾರಿ ಎಂದು ಆಮೇಲೆ ಗೊತ್ತಾಯಿತು. ನಮ್ಮ ಕಡೆ ಪಕ್ಕದ ಬೀದಿಯನ್ನೂ "ಅಯ್ಯೋ, ಅದು ದೂರ" ಅನ್ನುವವರಿದ್ದಾರೆ. ಇಲ್ಲಿಯವರಿಗೆ ಎಲ್ಲ ಊರೂ ಇಲ್ಲೇ ಇದೆ.

ಬಸಗೌಡರಿಗೆ ಫೋನ್ ಹಚ್ಚಿದೆ.

"ನಾಳಿ ಅಮಾಸಿ ಐತ್ರಲ್ಲ ಅಕ್ಕಾರ. ಗಾಡಿ ತೊಳದ ಪೂಜಾ ಮಾಡಬೇಕು. ಅದಕ ಮನಿಗಿ ತಂದೇನಿ."

"ಸರಿ, ಪೂಜೆ ಆದಮೇಲೆ ಬರಲೇ?"

"ಅಮಾಸಿ ದಿನಾ ಇನ್ನೊಬ್ರ ಕೈಯಾಗ ಗಾಡಿ ಕೊಡೂದಿಲ್ರಿ. ಮನೀ ಲಕ್ಷ್ಮಿ ಕೊಟ್ಟಂಗ ಆಗತೈತಿ. ನಾಳಿ ಮೂಡಲಗಿಯಾಗ ರ್ಯಾಲಿ ಐತಿ, ಅಲ್ಲಿ ಇರ್ರಿ. ನಾಡಿದ್ದ ಎಲ್ಲಾರೂ ನಮ್ಮ ಕಡೆ ಬರತಾರ, ಅವರ ಕೂಡ ಬರ್ರಿ."

ನಮ್ಮಲ್ಲಿ ಗಾಡಿಗೆ ಪೂಜೆಯೆಂದರೆ ಆಯುಧಪೂಜೆಯ ದಿನ ಒಂದು ಕುಂಬಳಕಾಯಿ, ಮುಗಿಯಿತು. ಇಲ್ಲಿ ತಿಂಗಳು ತಿಂಗಳು. ಸಂತೆಯ ಬಾಯಿಯಲ್ಲಿ ಒಬ್ಬಾಕೆ ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ರಾಶಿ ಹಾಕಿಕೊಂಡು ಕೂತಿದ್ದಳು. ಗಾಡಿಯವರು ಬಂದು ಬಂದು ಒಯ್ಯುತ್ತಿದ್ದರು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಅಂಗಡಿಗೆ ಬಾಗಿಲು ಹಾಕಿ ಇಡೀ ರಾತ್ರಿ ರೈಲಿನಲ್ಲಿ ಬಂದಿದ್ದೇನೆ, ಪಂಚಾಂಗ ನೋಡದೆ ಬಂದದ್ದು ನನ್ನದೇ ತಪ್ಪು ಎಂಬಂತೆ ಮೇಸ್ತ್ರಿ ನನ್ನನ್ನು ನೋಡುತ್ತಿದ್ದ.

"ಗಾಡಿ ಹೊಡ್ಯಾವ್ರು ಯಾರ್ರಿ, ನಿಮ್ಮ ಮಗಾ ಏನ್ರಿ?" ಎಂದು ಕೇಳಿದ.

"ನಾನೇ."

ಅವನು ಒಂದು ಕ್ಷಣ ಯೋಚಿಸಿ, "ಹಂಗಲ್ರಿ, ಮುಂದ ಕುಂಡ್ರಾವ್ರು ಯಾರು ಅಂತ ಕೇಳೇನಿ" ಅಂದ.

ಇಲ್ಲಿ ಗಾಡಿಯನ್ನು ಓಡಿಸುವುದಿಲ್ಲ, ಹೊಡೆಯುತ್ತಾರೆ. ನನಗೂ ಅದನ್ನೇ ಮಾಡಬೇಕೆನಿಸಿತು, ಗಾಡಿಗಲ್ಲ.

ಆ ದಿನ ಐದು ಜನ ನನ್ನನ್ನು ಫಾಲ್ಸ್ ನೋಡಿದಿರಾ ಎಂದು ಕೇಳಿದರು. ನೋಡುವುದಿಲ್ಲ ಅಂದಾಗ ಐದು ಜನಕ್ಕೂ ಬೇಸರವಾಯಿತು. ಮೇಸ್ತ್ರಿ ಮಾತ್ರ, ಹೋಗಲಿ ಎಂದು ಎರಡು ತುಂಡು ಕರದಂಟು ಕಾಗದದಲ್ಲಿ ಕಟ್ಟಿ ಕೈಗಿಟ್ಟ. ನನಗೆ ಹಲ್ಲು ನೋವು. ಅದನ್ನು ಹೇಳಿದರೂ ಕೇಳಲಿಲ್ಲ.

ಮೂಡಲಗಿ

ಮಾರನೆಯ ದಿನ ಮೂಡಲಗಿಯ ಬಸ್ ನಿಲ್ದಾಣದಿಂದ ನನ್ನನ್ನು ಕರೆದೊಯ್ಯಲು ಬಸಗೌಡರು ಒಬ್ಬರನ್ನು ಕಳಿಸಿದ್ದರು. ತಲೆಗೆ ರುಮಾಲು, ದೊಡ್ಡ ಮೀಸೆ, ನಲವತ್ತರ ಆಸುಪಾಸು. ಹೆಸರು ಕಲ್ಲಪ್ಪ. ಕುರಿ ಸಾಕಿದವರ ಮನೆತನ, ಈಗ ಹೊಲವೂ ಇದೆ. ಅವರ ಹೊಸ ಗಾಡಿಯ ಹಿಂದೆ ಕೂತು ಅರ್ಧ ದಾರಿ ಬಂದ ಮೇಲೆ ಅವರೇ ಹೇಳಿದರು.

"ಬಸಗೌಡ ಹೇಳಿರಬೇಕಲ್ರಿ. ಆ ಗಾಡಿಗಿ ಕಾಯಾಕತ್ತಾಂವ ನಾನ."

ಎದುರಾಳಿಯ ಮನೆಯಲ್ಲೇ ನನ್ನನ್ನು ಇಳಿಸುವ ಏರ್ಪಾಟು ಮಾಡಿದ್ದಾರಲ್ಲ ಎಂದು ನಾನು ಹಲ್ಲು ಕಚ್ಚಿದೆ. ಕಲ್ಲಪ್ಪನವರಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ದಾರಿಯುದ್ದಕ್ಕೂ ಆ ಗಾಡಿಯ ದೋಷಗಳನ್ನು ಹೇಳುತ್ತ ಬಂದರು. ಬಹಳ ತೂಕವಂತೆ. ಕಿಕ್ ವಾಪಸ್ ಹೊಡೆದರೆ ಮೊಣಕಾಲು ಮುರಿಯುತ್ತದಂತೆ. ಚೈನು ಸಡಿಲವಂತೆ. "ಅಷ್ಟು ಕೆಟ್ಟದ್ದಾದರೆ ನಿಮಗ್ಯಾಕೆ?" ಅಂದೆ. "ನಂದ ಬಿಡ್ರಿ, ನಂಗ ತಲೀ ಕೆಟ್ಟೈತಿ" ಅಂದರು.

ರ್ಯಾಲಿ ನಡೆಯುತ್ತಿದ್ದದ್ದು ಅವರ ಹೊಲದ ಪಕ್ಕದ ಬಯಲಿನಲ್ಲಿ. ಇಪ್ಪತ್ತೈದು ಮೂವತ್ತು ಗಾಡಿಗಳು, ಎಲ್ಲದರ ಮೂತಿಗೂ ನಿಂಬೆಹಣ್ಣು, ಕುಂಕುಮ. ಯಾರಾದರೂ ಹೊಸಬರು ಬಂದರೆ ಇವರು ಮನುಷ್ಯನ ಮುಖ ನೋಡುವುದಿಲ್ಲ. ಟ್ಯಾಂಕಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳುತ್ತಾರೆ. ಆಮೇಲೆ ತಲೆಯಾಡಿಸಿ ಚಹಾ ಕೊಡುತ್ತಾರೆ. ಒಬ್ಬರು ನನ್ನ ಹತ್ತಿರ ಬಂದು, "ಯಾವ ಇಸ್ವೀದ್ರಿ?" ಎಂದು ಕೇಳಿದರು. ನನ್ನ ವಯಸ್ಸು ಕೇಳುತ್ತಿದ್ದಾರೆಂದು ಮುಖ ಗಂಟು ಹಾಕಿದೆ. ಗಾಡಿ ಇಲ್ಲದೆ ಬಂದಿದ್ದೇನೆಂದು ಗೊತ್ತಾದಾಗ, ಚಪ್ಪಲಿ ಇಲ್ಲದೆ ಬಂದವಳನ್ನು ನೋಡುವಂತೆ ನೋಡಿದರು.

ಊಟಕ್ಕೆ ಮುಂಚೆ ಕಲ್ಲಪ್ಪನವರು ತಮ್ಮ ಹೊಸ ಗಾಡಿಯನ್ನು ನನ್ನೆದುರು ನಿಲ್ಲಿಸಿದರು.

"ಅಕ್ಕಾರ, ಒಂದ ಸುತ್ತ ಹೊಡದ ತೋರಸ್ರಿ. ನಾಳಿ ಬಸಗೌಡನ ಮುಂದ ನಾನು ಹೇಳಬೇಕಲ್ರಿ, ಅಕ್ಕಾರಿಗಿ ಬರತೈತಿ ಅಂತ."

"ಅಮಾವಾಸ್ಯೆ ದಿನ ಇನ್ನೊಬ್ಬರ ಕೈಗೆ ಗಾಡಿ ಕೊಡುವುದಿಲ್ಲ ಅಂದರಲ್ಲ?"

"ಅದು ಮಾರೂ ಗಾಡಿಗಿ ರಿ. ಇದೇನ ಮಾರೂದಲ್ಲ."

"ನನಗೆ ಎಡಗೇರು ಅಭ್ಯಾಸ ಇಲ್ಲ. ನಾನು ಕಲಿತದ್ದು ಬಲಗೇರಿನದು."

"ಗೇರು ಗೇರ ರಿ. ಕಾಲು ಬ್ಯಾರೆ ಅಷ್ಟ."

ಸುತ್ತ ಗಂಡಸರು ಕೈಕಟ್ಟಿ ನಿಂತಿದ್ದರು. ಹತ್ತಿ ಕೂತೆ. ಮೊದಲಿನ ಅರ್ಧ ಸುತ್ತು ಚೆನ್ನಾಗಿತ್ತು. ಅಷ್ಟರಲ್ಲಿ ಎದುರಿಗೆ ಕಲ್ಲಪ್ಪನವರ ಕುರಿಗಳು ಬಂದವು. ಬ್ರೇಕು ಹಾಕಲು ಎಡಗಾಲು ಒತ್ತಿದೆ. ಅಲ್ಲಿದ್ದದ್ದು ಗೇರು. ಗಾಡಿ ಮುಗ್ಗರಿಸಿ ಮುಂದಕ್ಕೆ ನುಗ್ಗಿತು. ಕುರಿಗಳು ದಿಕ್ಕಾಪಾಲಾಗಿ ಓಡಿದವು. ನಾನು ಹ್ಯಾಂಡಲ್ ತಿರುಗಿಸಿ ಜೋಳದ ಕಣಿಕೆಯ ಬಣವೆಗೆ ಹೋಗಿ ಸೇರಿದೆ. ಪೆಟ್ಟಾಗಲಿಲ್ಲ. ಬಾಯಿ ತುಂಬ ಹೊಟ್ಟು.

ಎಳೆದು ಹೊರಗೆ ತೆಗೆದರು. ಯಾರೂ ನಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಬಹಳ ಗೌರವದಿಂದ ಒಬ್ಬರಾದ ಮೇಲೆ ಒಬ್ಬರು ಹೇಳಿದರು, "ಅಕ್ಕಾರ, ನಾಳಿ ನೀವು ಹಿಂದ ಕುಂಡ್ರಿ. ಹೊಡ್ಯಾಕ ಯಾರರ ಬರತೇವಿ." ಎಡ ಬಲದ ಸಂಗತಿಯನ್ನು ನಾಲ್ಕು ಸಲ ವಿವರಿಸಿದೆ. "ಹೌದ್ರಿ, ಹೌದ್ರಿ" ಅಂದರು. ಇಲ್ಲಿ ಎರಡು ಸಲ ಹೌದೆಂದರೆ ನಂಬಿಲ್ಲವೆಂದು ಅರ್ಥ.

ಊಟಕ್ಕೆ ಕಲ್ಲಪ್ಪನವರ ಮನೆಯಲ್ಲಿ ಕೂತೆ. ಅವರ ಹೆಂಡತಿ ಲಕ್ಕವ್ವ ಬಿಸಿ ರೊಟ್ಟಿ ತಟ್ಟಿ ಹಾಕುತ್ತಿದ್ದಳು. ಸಾಕು ಎಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಪಕ್ಕದಿಂದ ಜಾರಿಸುತ್ತಿದ್ದಳು. ಕಲ್ಲಪ್ಪನವರು ಶೇಂಗಾ ಹಿಂಡಿ ಕಲೆಸಿಕೊಳ್ಳುತ್ತ ಅಂದರು, "ರಾಜಣ್ಣಾರೂ ಇಲ್ಲೇ ಕುಂತ ಉಣ್ಣತಿದ್ರು. ಪಾಪ, ವರ್ಷಾ ಸುಳ್ಳ ಬರತಿದ್ರು."

ನನ್ನ ಕೈ ನಿಂತಿತು. ನಮ್ಮವರು ನನಗೆ ಹೇಳುತ್ತಿದ್ದದ್ದೇ ಬೇರೆ. ರ್ಯಾಲಿಗೆ ಬರುವ ಗಾಡಿಗಳ ಟ್ಯಾಂಕಿಗೆ ಬಣ್ಣದ ಗೆರೆ ಎಳೆಯುವ ಕೆಲಸವಿರುತ್ತದೆ, ಅದಕ್ಕೆ ಹೋಗುತ್ತೇನೆ ಎನ್ನುತ್ತಿದ್ದರು. ಕುಂಚಗಳ ಚೀಲ ಹೆಗಲಿಗೆ ಹಾಕಿಕೊಂಡೇ ಹೊರಡುತ್ತಿದ್ದರು. ಮದುವೆ ಸೀಸನ್ನಿನಲ್ಲಿ ನಾನು ರವಿಕೆಗಳ ರಾಶಿಯ ನಡುವೆ ಒಬ್ಬಳೇ ಒದ್ದಾಡುತ್ತಿದ್ದೆ.

ಕಲ್ಲಪ್ಪನವರು ಕೈ ತೊಳೆಯಲು ಎದ್ದರು. ಲಕ್ಕವ್ವ ನನ್ನ ತಟ್ಟೆ ನೋಡಿದಳು.

"ಯಾಕ ಯಕ್ಕಾ, ರೊಟ್ಟಿ ಸೇರಲಿಲ್ಲೇನ?"

"ನಮ್ಮವರು ಸುಳ್ಳು ಹೇಳಿ ಬರುತ್ತಿದ್ದರು ಅಂದರಲ್ಲ ನಿಮ್ಮವರು."

ಅವಳು ಹಿಟ್ಟಿನ ಕೈ ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಅಯ್ಯ ಯಕ್ಕಾ! ಸುಳ್ಳ ಅಂದ್ರ ಸುಮ್ನ. ಕೆಲಸಾ ಬಗಸಿ ಇಲ್ದ, ಹಂಗ ಬರತಿದ್ರು ಅಂದ ಅಂವ. ನೀ ಸುಳ್ಳ ಸಿಟ್ಟಾಗಬ್ಯಾಡ."

ಮನಸ್ಸು ಹಗುರಾಯಿತು. ಒಂದು ತುತ್ತು ತಿಂದೆ. ಆಮೇಲೆ ಕೇಳಿದೆ, "ಹಾಗಾದರೆ ಟ್ಯಾಂಕಿಗೆ ಗೆರೆ ಬರೆಯುವ ಕೆಲಸ?"

"ಯಾವ ಗೆರಿ? ಒಂದ ದಿನಾನೂ ಕುಂಚ ಹಿಡದದ್ದ ನೋಡಿಲ್ಲ ನಾ. ಆ ಬೇವಿನ ಗಿಡದ ಬುಡಕ್ಕ ಕುಂತು ಚಾ ಕುಡಕೋತ ಗಾಡಿ ಸಪ್ಪಳ ಕೇಳತಿದ್ರು. ಚೀಲ ತಲಿಗಿ ಇಟಗೊಂಡ ಮಲಗತಿದ್ರು."

ಅಂದರೆ ಇವರ ಅರ್ಥದಲ್ಲೂ ಸುಳ್ಳ, ನನ್ನ ಅರ್ಥದಲ್ಲೂ ಸುಳ್ಳೇ. ಸುಮ್ಮನೆ ಹೋಗಿ ಬರುತ್ತೇನೆ ಅಂದಿದ್ದರೆ ನಾನು ಬಿಡುತ್ತಿರಲಿಲ್ಲವೇ? ಬಿಡುತ್ತಿರಲಿಲ್ಲ. ಅದು ನನಗೂ ಗೊತ್ತು. ಆದರೂ ಆ ರೊಟ್ಟಿಯನ್ನು ತಟ್ಟೆಯ ಅಂಚಿಗೆ ಸರಿಸಿದೆ. ಸತ್ತವರ ಮೇಲೆ ಸಿಟ್ಟು ಬಂದರೆ ಅದನ್ನು ಎಲ್ಲಿಗೆ ಒಯ್ದು ಇಳಿಸಬೇಕೆಂದು ಯಾರೂ ಹೇಳಿಕೊಡುವುದಿಲ್ಲ.

ಹುಕ್ಕೇರಿ

ಮೂರನೆಯ ದಿನ ಬೆಳಿಗ್ಗೆ ಗಾಡಿಗಳೆಲ್ಲ ಸಾಲಾಗಿ ಹೊರಟವು. ನಾನು ಕಲ್ಲಪ್ಪನವರ ಹಿಂದೆ. ಪ್ರತಿ ಊರಿನ ಬಾಯಿಯಲ್ಲೂ ಯಾರೋ ಒಬ್ಬರು ಕೈ ಅಡ್ಡ ಹಾಕಿ ಚಹಾ ಕುಡಿಸಿದರು. ಬೇಡ ಅಂದರೆ ಅರ್ಧ ಕಪ್ಪು. ಇಲ್ಲಿ ಬೇಡ ಎಂಬುದಕ್ಕೆ ಅರ್ಧ ಎಂದು ಅರ್ಥ. ಬಸಗೌಡರ ತೋಟದ ಮನೆಗೆ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು.

ಗಾಡಿ ಅಂಗಳದಲ್ಲಿ ನಿಂತಿತ್ತು. ಕಪ್ಪು ಬಣ್ಣ. ನಿನ್ನೆಯ ಚೆಂಡುಹೂವಿನ ಹಾರ ಬಾಡಿ ಜೋತಾಡುತ್ತಿತ್ತು. ಬಸಗೌಡರು ಬಿಳಿ ಅಂಗಿಯ ತೆಳ್ಳನೆಯ ಮುದುಕರು. ನಮಸ್ಕಾರ ಮಾಡಿ, "ಮೊದಲ ಊಟಾ ಮಾಡ್ರಿ" ಅಂದರು.

"ಇಲ್ಲ. ಮೊದಲು ಗಾಡಿ."

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಅವರು ಕಲ್ಲಪ್ಪನವರ ಮುಖ ನೋಡಿದರು. ಕಲ್ಲಪ್ಪನವರು ಬಣವೆಯ ಕಥೆ ಆಗಲೇ ಹೇಳಿಬಿಟ್ಟಿದ್ದರು ಎಂದು ತೋರುತ್ತದೆ.

"ಹಿಂದ ಕುಂಡ್ರತೀರೇನ್ರಿ? ನಾ ಹೊಡೀತೇನಿ" ಅಂದರು ಬಸಗೌಡರು, ಮೆತ್ತಗೆ.

ನಾನು ಸೆರಗು ಸಿಕ್ಕಿಸಿಕೊಂಡೆ. ಹೆಡ್‌ಲೈಟಿನ ಮೇಲಿನ ಆಂಪಿಯರ್ ಮುಳ್ಳು ನೋಡುತ್ತ ಕಿಕ್ಕನ್ನು ಮೆಲ್ಲಗೆ ಒತ್ತಿದೆ. ಮುಳ್ಳು ಸರಿಯಾಗಿ ನಡುವಿಗೆ ಬಂದಾಗ ಹೊಡೆಯಬೇಕು. ಇಲ್ಲದಿದ್ದರೆ ವಾಪಸ್ ಒದೆಯುತ್ತದೆ. ಮುಳ್ಳು ನಡುವಿಗೆ ಬಂತು. ಹೊಡೆದೆ. ಒಂದೇ ಏಟಿಗೆ ಶುರುವಾಯಿತು.

ಬಲಗಾಲಿನಿಂದ ಗೇರು ಹಾಕಿ ಅಂಗಳ ದಾಟಿ ರಸ್ತೆಗೆ ಬಂದೆ. ಎಂಟು ತಿಂಗಳ ಮೇಲೆ ನನ್ನ ಕಾಲಿಗೆ ಗೊತ್ತಿದ್ದ ಕೆಲಸ ಅದೊಂದೇ ಎನಿಸಿತು. ಹಿಂದೆ ಸದ್ದು ಕೇಳಿ ತಿರುಗಿ ನೋಡಿದರೆ ಮೂವತ್ತು ಗಾಡಿಗಳೂ ಹಿಂದೆ ಬರುತ್ತಿವೆ. ಎಲ್ಲರಿಗಿಂತ ಮುಂದೆ ಕಲ್ಲಪ್ಪ.

ನಿಲ್ಲಿಸಿದೆ. ಅವರೂ ನಿಲ್ಲಿಸಿದರು.

"ಯಾಕೆ ಬರ್ತಿದ್ದೀರಿ?"

"ಒಬ್ರನ್ನ ಹೆಂಗ ಬಿಡೂದ್ರಿ ಅಕ್ಕಾರ" ಅಂದರು ಯಾರೋ.

ನಾನು ಕೂಗಿದೆ. ಅಂಗಡಿಯಲ್ಲಿ ಗಿರಾಕಿಗಳ ಮೇಲೂ ದನಿ ಎತ್ತಿದವಳಲ್ಲ. ನಮ್ಮವರು ಹೋದ ದಿನವೂ ನಾನು ಕೂಗಿ ಅಳಲಿಲ್ಲವೆಂದು ನೆಂಟರು ಆಡಿಕೊಂಡಿದ್ದರು. "ಮೂರು ದಿನದಿಂದ ನನ್ನನ್ನು ಒಂದು ಗಳಿಗೆ ಒಬ್ಬಳನ್ನೇ ಬಿಟ್ಟಿಲ್ಲ ನೀವು! ಯಾರೂ ಬರಬೇಡಿ. ಒಬ್ಬರೂ ಬರಬೇಡಿ! ಇಲ್ಲೇ ನಿಂತುಕೊಳ್ಳಿ!"

ಮೂವತ್ತು ಇಂಜಿನ್ನುಗಳೂ ಆರಿದವು. ಬಸಗೌಡರು ತಲೆಯಾಡಿಸಿದರು. ನಾನು ಹೊರಟೆ.

ನಿಡಸೋಸಿ ಕಡೆಗೆ ಹೋಗುವ ರಸ್ತೆ, ಎರಡೂ ಕಡೆ ಕಬ್ಬು. ಗಾಡಿ ಚೆನ್ನಾಗಿ ಹೋಗುತ್ತಿತ್ತು. ಬೆನ್ನಿಗೆ ಗಾಳಿ ತಾಗುತ್ತಿತ್ತು. ಅಲ್ಲಿ ಯಾವಾಗಲೂ ನಮ್ಮವರ ಎದೆ ಇರುತ್ತಿತ್ತು, ಆದ್ದರಿಂದ ಆ ಜಾಗಕ್ಕೆ ಗಾಳಿ ಹೊಸದು. ಅಳು ಬರುತ್ತದೆಂದು ಕಾದೆ. ಅಷ್ಟರಲ್ಲಿ ಇಂಜಿನ್ನು ಎರಡು ಸಲ ಕೆಮ್ಮಿ ನಿಂತುಹೋಯಿತು.

ಕಿಕ್ ಹೊಡೆದೆ. ಮುಳ್ಳು ನೋಡಿ ಹೊಡೆದೆ, ನೋಡದೆಯೂ ಹೊಡೆದೆ. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೆ, ಪೆಟ್ರೋಲು ಅರ್ಧದ ಮೇಲಿತ್ತು. ಪ್ಲಗ್ಗಿನ ವೈರು ಎಳೆದು ಒತ್ತಿದೆ. ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ನಿಧಾನ ಮಾಡಿ, "ಏನಾತ್ರಿ?" ಅಂದ. "ಏನೂ ಆಗಿಲ್ಲ" ಅಂದೆ. ಅವನು ಹೋದ ಮೇಲೆ ನನ್ನ ಬುದ್ಧಿಗೆ ನಾನೇ ಬೈದುಕೊಂಡೆ.

ಗಾಡಿಯನ್ನು ತಿರುಗಿಸಿ ತಳ್ಳತೊಡಗಿದೆ. ಬರುವಾಗ ಗೊತ್ತಾಗಿರಲಿಲ್ಲ, ದಾರಿಯೆಲ್ಲ ಏರು. ಕಲ್ಲಪ್ಪ ಹೇಳಿದ ತೂಕದ ಮಾತು ನಿಜವಾಗಿತ್ತು. ಹತ್ತು ಹೆಜ್ಜೆಗೊಮ್ಮೆ ನಿಂತೆ. ತಳ್ಳುತ್ತ ತಳ್ಳುತ್ತ ಬಾಯಿ ಬಿಟ್ಟು ಬೈಯತೊಡಗಿದೆ. ಒಂದಿರುವಾಗ ಇನ್ನೊಂದು ಬೇಕಿತ್ತೇ ನಿಮಗೆ? ಗೆರೆ ಬರೆಯುತ್ತೇನೆಂದು ಬೇವಿನ ಮರದಡಿ ಮಲಗಲು ಬರುತ್ತಿದ್ದಿರಾ? ಹೇಳಿದ್ದರೆ ನಾನೂ ಬರುತ್ತಿದ್ದೆನಲ್ಲ! ನೀರು ಕಾಯುವಷ್ಟು ಹೊತ್ತೂ ತಾಳಲಿಲ್ಲ. ಹೇಳದೆ ಎದ್ದುಹೋಗುವ ಚಟ ಮೊದಲಿನಿಂದಲೂ ಇತ್ತು ನಿಮಗೆ. ಕಬ್ಬಿನ ಗದ್ದೆಗಳಲ್ಲಿ ಯಾರಾದರೂ ಇದ್ದರೋ ಏನೋ, ನನಗೆ ಗೊತ್ತಿಲ್ಲ. ಅವರು ಹೋದ ಮೇಲೆ ಅವರ ಜೊತೆ ಆಡಿದ ಮೊದಲ ಜಗಳ ಅದು. ಏರು ಮುಗಿಯುವಷ್ಟರಲ್ಲಿ ಮೈಯೆಲ್ಲ ಬೆವರು, ಮುಖವೆಲ್ಲ ಕಣ್ಣೀರು. ಯಾವುದು ಯಾವುದೆಂದು ತಿಳಿಯುವ ಹಾಗಿರಲಿಲ್ಲ.

ಒಂದೂವರೆ ತಾಸಾಗಿರಬೇಕು. ತಿರುವಿನಲ್ಲಿ ನೋಡಿದರೆ ಅಷ್ಟೂ ಜನ ನಾನು ಬಿಟ್ಟ ಜಾಗದಲ್ಲೇ ಇದ್ದಾರೆ. ಬಿಸಿಲಿನಲ್ಲಿ, ರಸ್ತೆಯ ಮೇಲೆ. ಒಂದು ಗಾಡಿಯೂ ನೆರಳಿಗೆ ಸರಿದಿರಲಿಲ್ಲ. ಕೆಲವರು ಟವೆಲ್ ಹೊದ್ದು ಕೂತಿದ್ದರು. ನನ್ನನ್ನು ಕಂಡು ಎಲ್ಲರೂ ಎದ್ದು ನಿಂತರು, ಆದರೆ ಒಬ್ಬರೂ ಮುಂದೆ ಬರಲಿಲ್ಲ. ಉಳಿದ ನೂರು ಹೆಜ್ಜೆಯನ್ನೂ ನಾನೇ ತಳ್ಳಬೇಕಾಯಿತು.

"ಇಷ್ಟು ಹೊತ್ತಾದರೂ ಹುಡುಕಿಕೊಂಡು ಬರಬಾರದೇ?" ಎಂದು ಏದುಸಿರಿನಲ್ಲೇ ಕೇಳಿದೆ.

ಬಸಗೌಡರು ಗಾಬರಿಯಾದರು. "ನೀವ ಅಂದ್ರೆಲ್ರಿ, ಒಬ್ರೂ ಬರಬ್ಯಾಡ್ರಿ, ಇಲ್ಲೇ ನಿಲ್ರಿ ಅಂತ."

"ಎಷ್ಟು ಹೊತ್ತು ಅಂತ ನೀವು ಹೇಳಲಿಲ್ರಿ" ಅಂದರು ಕಲ್ಲಪ್ಪನವರು. "ನಾ ಹೊಂಟಿದ್ದೆ, ಗೌಡ್ರು ಕಾಲರ್ ಹಿಡದ ಕುಂಡ್ರಿಸಿದ್ರು. ಅಕ್ಕಾರ ಮಾತ ಮೀರಬ್ಯಾಡಲೇ ಅಂತ."

ಯಾರೋ ನೀರಿನ ಬಾಟಲಿ ಕೊಟ್ಟರು. ಅಷ್ಟರಲ್ಲಿ ಬಸಗೌಡರು ಮಂಡಿಯೂರಿ ಟ್ಯಾಂಕಿನ ಕೆಳಗೆ ಕೈ ಹಾಕಿದರು. ಅಲ್ಲೊಂದು ಚಿಕ್ಕ ನಲ್ಲಿ ಇರುತ್ತದೆ, ಪೆಟ್ರೋಲ್ ಕಾಕ್ ಎನ್ನುತ್ತಾರೆ. ಗಾಡಿ ನಿಲ್ಲಿಸಿದಾಗ ಅದನ್ನು ಮುಚ್ಚಬೇಕು, ಹೊರಡುವಾಗ ತೆರೆಯಬೇಕು.

"ಕಾಕ್ ಬಂದ್ ಐತ್ರಿ ಅಕ್ಕಾರ. ಕಾರ್ಬೊರೇಟರದಾಗ ಇದ್ದಷ್ಟ ಎಣ್ಣಿ ಮ್ಯಾಲ ಹೋಗೇರಿ. ಒಂದ ಏಟಿಗಿ ಸುರು ಮಾಡಿದ್ರಲ್ಲ, ಕಾಕ್ ತೆರದೀರಿ ಅಂತ ತಿಳದೆ ನಾ."

ಕಲ್ಲಪ್ಪನವರು ನಗಲು ಬಾಯಿ ತೆರೆದು ನನ್ನ ಮುಖ ನೋಡಿ ಮುಚ್ಚಿಕೊಂಡರು.

ಹನ್ನೆರಡು ವರ್ಷ ಓಡಿಸಿದ್ದೇನೆ. ಮುಳ್ಳು ನೋಡುವುದು ಗೊತ್ತು, ಗೇರು ಗೊತ್ತು, ಪ್ಲಗ್ಗು ಬಿಚ್ಚುವ ಪಾನಾ ಎಷ್ಟು ನಂಬರಿನದೆಂದು ಗೊತ್ತು. ಆ ನಲ್ಲಿಯನ್ನು ಮಾತ್ರ ಒಂದು ದಿನವೂ ಮುಟ್ಟಿರಲಿಲ್ಲ. ಅದೊಂದು ಇದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಗಾಡಿಯನ್ನು ಬೀದಿಗೆ ತಂದು ನಿಲ್ಲಿಸುವಾಗ ನಮ್ಮವರೊಮ್ಮೆ ಬಗ್ಗುತ್ತಿದ್ದರು. ಧೂಳು ಒರೆಸುತ್ತಾರೆಂದು ತಿಳಿದಿದ್ದೆ. ವಾಪಸ್ ಬಂದು ನಾನು ಒಳಗೆ ಹೋದ ಮೇಲೆ ಮತ್ತೊಮ್ಮೆ ಬಗ್ಗುತ್ತಿದ್ದಿರಬೇಕು. ಅದನ್ನು ನಾನು ನೋಡಿಲ್ಲ.

"ಎಲ್ಲಿದೆ ತೋರಿಸಿ" ಅಂದೆ.

ಬಸಗೌಡರು ಸರಿದು ಜಾಗ ಕೊಟ್ಟರು. ರಸ್ತೆಯ ಮೇಲೆ ಮಂಡಿಯೂರಿದೆ. ಕೆಳಕ್ಕೆ ತಿರುಗಿಸಿದರೆ ತೆರೆಯುತ್ತದೆ, ಅಡ್ಡಕ್ಕೆ ತಿರುಗಿಸಿದರೆ ಮುಚ್ಚುತ್ತದೆ. ಹಿತ್ತಾಳೆಯ ಪುಟ್ಟ ಹಿಡಿ, ಬಿಸಿಲಿಗೆ ಕಾದಿತ್ತು. ತೆರೆದೆ, ಮುಚ್ಚಿದೆ. ಇನ್ನೊಂದು ಸಲ ತೆರೆದು ಮುಚ್ಚಿದೆ. ಮೂವತ್ತು ಜನ ನಿಂತು ನೋಡುತ್ತಿದ್ದರು. ನೋಡಲಿ ಎಂದು ಬಿಟ್ಟೆ.

ಕಲ್ಲಪ್ಪನವರು ನನ್ನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ಕೊನೆಯ ಆಸೆಯಿಂದ ದನಿ ತಗ್ಗಿಸಿ ಹೇಳಿದರು, "ಖರೇ ಹೇಳತೇನ್ರಿ ಅಕ್ಕಾರ, ಭಾಳ ತ್ರಾಸ ಕೊಡತೈತ್ರಿ ಈ ಗಾಡಿ."

"ಕೊಡಲಿ" ಅಂದೆ, ಹಿಡಿಯನ್ನು ಕೆಳಕ್ಕೆ ತಿರುಗಿಸಿ ಎದ್ದು ನಿಂತೆ.